ತರಗತಿಯ ಫ್ಯಾನು ಎರಡು ಕೊಂಬೆ ಓದಿತು

ಪ್ರಾಥಮಿಕ ಶಾಲೆಗಳಿಗೆ ಓದಿನ ಆ್ಯಪ್ ಹಂಚಿರುವ ಶಿಕ್ಷಣಾಧಿಕಾರಿಯವರಿಗೆ,

ಮಾನ್ಯರೇ, ಮೊದಲೇ ಹೇಳಿಬಿಡುತ್ತೇನೆ, ಈ ಪತ್ರ ಬರೆಯುವ ದರ್ದು ನನಗಿರಲಿಲ್ಲ. ನಾಲ್ಕನೇ ತರಗತಿಗೇ ಶಾಲೆಗೆ ಶರಣು ಹೊಡೆದವನು ನಾನು. ಅಲ್ಲಿಂದೀಚೆಗೆ, ಅಂದರೆ ಅರವತ್ತು ವರ್ಷಗಳಲ್ಲಿ, ನಾನು ಬರೆದ ಅತಿ ಉದ್ದದ ಬರಹವೆಂದರೆ ಅಂಗಡಿ ಬಾಗಿಲಿಗೆ ನೇತುಹಾಕುತ್ತಿದ್ದ ‘ಊಟಕ್ಕೆ ಹೋಗಿದ್ದೇನೆ, ಬಾಗಿಲು ಬಡಿಯಬೇಡಿ’ ಎಂಬ ರಟ್ಟು. ಎಡಗಣ್ಣಿಗೆ ಪೊರೆ ಬಂದಿದೆ, ಬಲಗೈ ಹೆಬ್ಬೆರಳು ಮಡಚುವುದಿಲ್ಲ. ಸಾಲಿಗೊಮ್ಮೆ ಕನ್ನಡಕ ಒರೆಸಿಕೊಳ್ಳಬೇಕು. ಈ ವಯಸ್ಸಿನಲ್ಲಿ ನನ್ನನ್ನು ಮತ್ತೆ ಅಕ್ಷರ ತಿದ್ದಲು ಕೂರಿಸಿದ್ದಕ್ಕೆ ನಿಮಗೆ ಮೊದಲ ವಂದನೆ.

ವಿಷಯ ಇಷ್ಟು. ನೀವು ಶಾಲೆಗೆ ಕಳಿಸಿದ ಆ್ಯಪ್, ಮೂರನೇ ತರಗತಿಯಲ್ಲಿರುವ ನನ್ನ ಮೊಮ್ಮಗಳಿಗೆ ಓದು ಬರುವುದಿಲ್ಲ ಎಂದು ತೀರ್ಪು ಕೊಟ್ಟಿದೆ. ಈ ತಿಂಗಳ ಮೂವತ್ತಕ್ಕೆ ಅದರ ಪಟ್ಟಿ ಖಾಯಂ ಆಗುತ್ತದಂತೆ. ಆಮೇಲೆ ಅವಳು ಚೀಲ ಎತ್ತಿಕೊಂಡು ಎರಡನೇ ತರಗತಿಯ ಕೋಣೆಗೆ ಹೋಗಿ, ಕಾಗುಣಿತ ತಿದ್ದುವವರ ಜೊತೆ ಕೂರಬೇಕಂತೆ. ಅವಳಿಗೆ ಓದು ಬರುತ್ತದೆ. ಇದು ನನಗೆ ಗೊತ್ತು, ಅವಳ ಟೀಚರಿಗೆ ಗೊತ್ತು, ನಮ್ಮ ಬೀದಿಗೆ ಹಾಲು ಹಾಕುವವನಿಗೂ ಗೊತ್ತು. ಗೊತ್ತಿಲ್ಲದಿರುವುದು ನಿಮಗೆ ಮತ್ತು ನಿಮ್ಮ ಅಳಿಲಿಗೆ.

ಅಳಿಲಿನ ವಿಷಯ ಆಮೇಲೆ. ಮೊದಲು ನಿಮ್ಮ ಕಚೇರಿಯ ವಿಷಯ. ಬರೆಯುವುದಕ್ಕಿಂತ ಬಾಯಲ್ಲೇ ಹೇಳಿ ಬರೋಣವೆಂದು ಅಲ್ಲಿಗೆ ಬಂದಿದ್ದೆ. ಮೂರು ಮಹಡಿ. ಲಿಫ್ಟಿನ ಬಾಗಿಲಿಗೆ ‘ಕೆಟ್ಟಿದೆ’ ಎಂಬ ಚೀಟಿ. ಚೀಟಿಯೂ ಹಳದಿ ತಿರುಗಿದೆ. ಏದುಸಿರು ಬಿಡುತ್ತ ಹತ್ತಿ ಹೋದರೆ ಕಿಟಕಿಯಲ್ಲಿ ಒಬ್ಬ ಗುಮಾಸ್ತ, ನನ್ನ ಅಳಿಯನ ವಯಸ್ಸಿನವನು.

“ದೊಡ್ಡವರೇ, ಆ್ಯಪ್ ಬಗ್ಗೆ ದೂರಿದ್ರೆ ಆ್ಯಪಲ್ಲೇ ಹಾಕ್ಬೇಕು” ಎಂದ.

“ಅಲ್ಲಪ್ಪಾ, ಕಳ್ಳನ ಮೇಲಿನ ದೂರನ್ನ ಕಳ್ಳನ ಕೈಲೇ ಬರೆಸ್ತಾರಾ?”

“ಹಾಗಂದ್ರೆ ಹೇಗೆ? ಅದ್ರಲ್ಲಿ ಕೆಳಗಡೆ ಒಂದು ಗುಂಡಿ ಇದೆ ನೋಡಿ. ಒತ್ತಿ. ಮನೇಲಿ ಯಾರಾದ್ರೂ ಚಿಕ್ಕವ್ರಿದ್ರೆ ತೋರಿಸ್ಕೊಡ್ತಾರೆ.”

“ಮನೇಲಿರೋ ಚಿಕ್ಕವಳಿಗೆ ಓದಕ್ಕೇ ಬರಲ್ಲ ಅಂತ ನೀವೇ ಬರ್ಕೊಂಡಿದೀರಲ್ಲ!”

ಅವನಿಗೆ ಅರ್ಥವಾಗಲಿಲ್ಲ. ಮುಂದಿನವರನ್ನು ಕರೆದ. ಮನೆಗೆ ಬಂದು ಮಗಳ ಫೋನಿನಲ್ಲಿ ಆ ಗುಂಡಿಯನ್ನೂ ಒತ್ತಿದೆ. ದೂರು ಬರೆಯುವ ಮೊದಲು ನಿಮ್ಮ ಅನುಭವಕ್ಕೆ ನಕ್ಷತ್ರ ಕೊಡಿ ಎಂದಿತು. ಒಂದು ಕೊಡಲು ಹೋದೆ. ನನ್ನ ಹೆಬ್ಬೆರಳು ತಕ್ಕಡಿ ಕೊಕ್ಕೆ ಬಗ್ಗಿಸಿ ಬಗ್ಗಿಸಿ ದಪ್ಪವಾದದ್ದು. ಐದೂ ನಕ್ಷತ್ರ ಫಳಫಳ ಹೊಳೆದವು. ‘ಧನ್ಯವಾದ’ ಎಂದು ಬಾಗಿಲು ಮುಚ್ಚಿಕೊಂಡಿತು. ನಿಮ್ಮ ಲೆಕ್ಕದಲ್ಲಿ ಈಗ ನಾನೂ ಒಬ್ಬ ಸಂತೃಪ್ತ ಪೋಷಕ. ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ. ಊರೆಲ್ಲ ಓದಿದ ಮೇಲಾದರೂ ನಿಮ್ಮ ಮೇಜಿಗೆ ಬಂದೀತು.

ಯಂತ್ರ ಕಂಡರೆ ಬೆಚ್ಚುವ ಮುದುಕ ಎಂದು ನನ್ನನ್ನು ಪಕ್ಕಕ್ಕೆ ಸರಿಸಬೇಡಿ. ನಾನು ತಕ್ಕಡಿ ರಿಪೇರಿಯವನು. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ನಲವತ್ತೆಂಟು ವರ್ಷ ಕೂತಿದ್ದೇನೆ. ತರಕಾರಿಯವರ ತೂಗುತಕ್ಕಡಿ, ಗುಜರಿಯವರ ದೊಡ್ಡ ಕಾಟಾ, ಅಕ್ಕಸಾಲಿಗರು ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಸಿರು ಬಿಗಿಹಿಡಿದು ನೋಡುವ ಪುಟ್ಟ ತಕ್ಕಡಿ, ಎಲ್ಲ ಈ ಕೈಯಲ್ಲಿ ಹಾದುಹೋಗಿವೆ. ಕೆಂಪು ಅಂಕಿ ಮಿನುಗುವ ಎಲೆಕ್ಟ್ರಾನಿಕ್ ತಕ್ಕಡಿ ಬಂದಾಗ ನನ್ನ ಸರೀಕರು ಅಂಗಡಿ ಮುಚ್ಚಿದರು. ನಾನು ಒಂದನ್ನು ಬಿಚ್ಚಿ ಹರಡಿಕೊಂಡು ಕೂತು ಕಲಿತೆ. ಅಳೆಯುವ ಸಾಮಾನಿನ ಬಗ್ಗೆ ನನಗೆ ಪಾಠ ಹೇಳುವ ಮುಂಚೆ ಇದು ನಿಮ್ಮ ನೆನಪಿನಲ್ಲಿರಲಿ.

ಈಗ ಮೊಮ್ಮಗಳು. ಅವಳು ಉಗ್ಗುತ್ತಾಳೆ. ಮಾತಿನ ಮೊದಲ ಅಕ್ಷರ ಗಂಟಲಲ್ಲಿ ಕೂತುಬಿಡುತ್ತದೆ. ಆಗ ಅವಳು ಕಣ್ಣು ಮುಚ್ಚಿ, ಬಲಗಾಲಿನ ಹೆಬ್ಬೆರಳಿನಿಂದ ನೆಲ ಒತ್ತಿ ಕಾಯುತ್ತಾಳೆ. ಅಕ್ಷರ ಬರುತ್ತದೆ. ಮುಂದಕ್ಕೆ ಹೋಗುತ್ತಾಳೆ. ನನಗೆ ಪೊರೆ ಬಂದು ಪತ್ರಿಕೆಯ ಅಕ್ಷರಗಳು ಇರುವೆಯಂತೆ ಹರಿದಾಡತೊಡಗಿದ ಮೇಲೆ, ಸಾಯಂಕಾಲ ಶಾಲೆಯಿಂದ ಬಂದು ನನಗೆ ಪತ್ರಿಕೆ ಓದುತ್ತಿದ್ದವಳು ಅವಳೇ. ಬೆಲೆ ಏರಿಕೆ, ಸೇತುವೆ ಕುಸಿತ, ಆಟದ ಫಲಿತಾಂಶ, ಕಾಣೆಯಾದವರ ಪ್ರಕಟಣೆ, ಒಂದನ್ನೂ ಬಿಡುತ್ತಿರಲಿಲ್ಲ. ಹಾಲಿನವನು ಸೈಕಲ್ಲಿನ ಮೇಲೇ ಒಂದು ಕಾಲೂರಿ ನಿಂತು “ಏನಮ್ಮಾ, ನಿನ್ನೆ ಗೆದ್ದೋರು ಯಾರು?” ಎಂದು ಕೇಳಿಕೊಂಡು ಹೋಗುತ್ತಿದ್ದ. ಅವಳು ನಿಲ್ಲುತ್ತಿದ್ದಳು, ಕಾಯುತ್ತಿದ್ದಳು, ಹೇಳುತ್ತಿದ್ದಳು. ಅವನೂ ಕಾಯುತ್ತಿದ್ದ. ಇನ್ನೂ ಹದಿನೆಂಟು ಮನೆಗೆ ಹಾಲು ಹಾಕಬೇಕಾದವನಿಗೆ ಇರುವಷ್ಟು ಪುರುಸೊತ್ತು ನಿಮ್ಮ ಆ್ಯಪಿಗೆ ಇಲ್ಲ.

ಅದರೊಳಗೆ ಒಂದು ಮರ, ಮರದ ಬುಡದಲ್ಲಿ ಒಂದು ಅಳಿಲು. ನೀವು ನೋಡಿರುತ್ತೀರಿ, ಅಥವಾ ನೋಡದೆಯೇ ರುಜು ಹಾಕಿರುತ್ತೀರಿ. ಮಗು ಕತೆಯನ್ನು ಗಟ್ಟಿಯಾಗಿ ಓದಬೇಕು. ಓದಿದಂತೆಲ್ಲ ಅಳಿಲು ಕೊಂಬೆಯಿಂದ ಕೊಂಬೆಗೆ ಹತ್ತುತ್ತದೆ. ಹತ್ತು ಕೊಂಬೆ ಹತ್ತಿದರೆ ತುದಿಯಲ್ಲಿ ಹಣ್ಣು, ಡೋಲಿನ ಸದ್ದು. ಮೂರು ಸೆಕೆಂಡು ಸುಮ್ಮನಾದರೆ ಅಳಿಲು ಸರ್ರನೆ ಜಾರಿ ಬುಡಕ್ಕೆ ಬಂದು ಬೀಳುತ್ತದೆ. ಮೂರೇ ಸೆಕೆಂಡು. ಮಾನ್ಯರೇ, ನಿಮ್ಮ ಕಚೇರಿಯ ಕಿಟಕಿಯಲ್ಲಿ ನಾನು ಒಂದು ಪ್ರಶ್ನೆ ಕೇಳಿ ನಲವತ್ತು ನಿಮಿಷ ನಿಂತೆ. ಆಗ ಯಾವ ಅಳಿಲು ಎಲ್ಲಿಂದ ಜಾರಿತು?

ಒಂದು ವಾರದಲ್ಲಿ ತರಗತಿಯ ಮಕ್ಕಳು ಅವಳಿಗೆ ‘ಜಾರುಬಂಡೆ’ ಎಂದು ಹೆಸರಿಟ್ಟರು. ಎರಡನೇ ವಾರ ನನ್ನ ಮಗಳ ಫೋನಿಗೆ ಸಂದೇಶ ಬಂತು. ಅವಳು ಕೈಗವಸಿನ ಕಾರ್ಖಾನೆಯಲ್ಲಿ ಹೊಲಿಯುವವಳು, ಊಟದ ಬಿಡುವಿನಲ್ಲಿ ನೋಡಿದ್ದಾಳೆ. ‘ನಿಮ್ಮ ಮಗು ಕೆಂಪು ಗುಂಪಿನಲ್ಲಿದೆ. ಅಭಿನಂದನೆಗಳು!’ ಕೆಳಗೆ ಎರಡು ಹೂವು. ಮನೆಗೆ ಬಂದು ನನ್ನ ಮುಂದೆ ಹಿಡಿದು, “ಅಪ್ಪಾ, ಇದು ಹೊಗಳ್ತಿದೆಯೋ ಬೈತಿದೆಯೋ?” ಎಂದಳು.

ಇನ್ನು ನನ್ನ ತಪ್ಪನ್ನು ಹೇಳಬೇಕು. ಹೇಳದಿದ್ದರೆ ಈ ಪತ್ರದ ತೂಕವೂ ಸುಳ್ಳಾದೀತು.

ಅಂಗಡಿಯವನೂ ಗಿರಾಕಿಯೂ ಜಗಳವಾಡುತ್ತ ನನ್ನ ಹತ್ತಿರ ಬಂದಾಗ ನಾನು ಅವರ ಬಾಯಿ ಮುಚ್ಚಿಸುತ್ತಿದ್ದದ್ದು ಒಂದೇ ಮಾತಿನಿಂದ: ಮುಳ್ಳು ಸುಳ್ಳು ಹೇಳಲ್ಲ. ನಲವತ್ತೆಂಟು ವರ್ಷ ಹೇಳಿ ಹೇಳಿ ಅದು ನಾಲಿಗೆಗೆ ಅಂಟಿಕೊಂಡುಬಿಟ್ಟಿದೆ. ಅವತ್ತು ಫೋನಿನಲ್ಲಿ ಅಂಕಿ ಕಂಡೆ. ಹತ್ತಕ್ಕೆ ಒಂದು ಕೊಂಬೆ. ಅಂಕಿ ಕಂಡ ಕೂಡಲೇ ಕಸುಬಿನವನ ಬುದ್ಧಿ ಎದ್ದು ಕೂತಿತು. ದಿನವೂ ಕಿವಿಯಾರೆ ಕೇಳಿದ್ದನ್ನು ಮರೆತೆ. “ಮುಳ್ಳು ಸುಳ್ಳು ಹೇಳಲ್ಲ ಕಣೇ. ನೀನೇ ಎಲ್ಲೋ ಸೋಮಾರಿತನ ಮಾಡಿದೀಯ. ಸರಸರ ಓದು, ನಿಲ್ಲಿಸ್ಬೇಡ” ಎಂದು ಗದರಿಸಿದೆ. ಗೋಡೆ ಗಡಿಯಾರ ಇಳಿಸಿ ಅವಳ ಮುಂದಿಟ್ಟೆ. ನಾಲ್ಕು ದಿನ ಹೀಗೆ ಕಾಡಿದೆ. ಐದನೇ ದಿನ ಅವಳು ಪತ್ರಿಕೆ ತಂದು ನನ್ನ ಮಡಿಲಲ್ಲಿಟ್ಟು, “ನೀ… ನೀನೇ ಓದ್ಕೋ ತಾತ” ಎಂದು ಒಳಗೆ ಹೋದಳು.

ಅದಾದ ಮೇಲೆ ಇಪ್ಪತ್ತೆರಡು ದಿನ ನಮ್ಮ ಮನೆಯಲ್ಲಿ ಯಾರೂ ಪತ್ರಿಕೆ ಓದಲಿಲ್ಲ. ಹಾಲಿನವನು ಕೇಳಿದರೆ ತಲೆಯಾಡಿಸುತ್ತಿದ್ದಳು, ಅಷ್ಟೇ. ಪರೀಕ್ಷೆ ಮಾಡದ ತಕ್ಕಡಿಯ ಮುಳ್ಳನ್ನು ನಂಬುವುದಕ್ಕಿಂತ ನಾಚಿಕೆಗೇಡು ನನ್ನ ಕಸುಬಿನಲ್ಲಿ ಬೇರೆ ಇಲ್ಲ. ನಾನು ಅದನ್ನೇ ಮಾಡಿದ್ದೆ, ಅದೂ ಮನೆಯ ಮಗುವಿನ ಮೇಲೆ. ನನಗೆ ನಾಚಿಕೆಯಾಯಿತು. ನಿಮಗೆ ಇನ್ನೂ ಆದಂತಿಲ್ಲ.

ತಕ್ಕಡಿ ಕೈಗೆ ಬಂದರೆ ನಾವು ಮೂರು ಕೆಲಸ ಮಾಡುತ್ತೇವೆ. ಮೊದಲು ಖಾಲಿ ನಿಲ್ಲಿಸಿ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಬೇಕು. ಆಮೇಲೆ ತೂಕ ಗೊತ್ತಿರುವ, ಮುದ್ರೆ ಬಿದ್ದ ಕಲ್ಲು ಇಟ್ಟು ನೋಡಬೇಕು. ಅದಕ್ಕೆ ನಾವು ಸಾಚಾ ಕಲ್ಲು ಅನ್ನುತ್ತೇವೆ. ಕೊನೆಗೆ ಎಡತಟ್ಟೆಯದನ್ನು ಬಲಕ್ಕೂ ಬಲತಟ್ಟೆಯದನ್ನು ಎಡಕ್ಕೂ ಅದಲುಬದಲು ಮಾಡಿ ತೂಗಬೇಕು. ಒಳ್ಳೆಯ ತಕ್ಕಡಿ ಆಗಲೂ ಅದೇ ಮಾತು ಹೇಳುತ್ತದೆ. ಕೆಟ್ಟದ್ದರ ಬಣ್ಣ ಅಲ್ಲಿ ಬಯಲಾಗುತ್ತದೆ. ಕೊತ್ತಂಬರಿ ಕಟ್ಟು ತೂಗುವುದಕ್ಕೇ ಇಷ್ಟು ಶಾಸ್ತ್ರವಿದೆ. ಮಕ್ಕಳನ್ನು ತೂಗುವುದಕ್ಕೆ?

ಕಳೆದ ಶನಿವಾರ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋದೆ. ಮೊಮ್ಮಗಳು ಇದ್ದಳು, ಅವಳ ಬೆಂಚಿನ ಗೆಳತಿ ಇದ್ದಳು, ಟೀಚರ್ ಇದ್ದರು, ಜಗಳವಾದೀತು ಎಂದು ಹೆಡ್‍ಮಾಸ್ಟರೂ ಬಂದು ನಿಂತರು.

“ತಾತ, ಮಕ್ಕಳು ಬಿಟ್ಟು ಬೇರೆಯವ್ರು ಈ ಆ್ಯಪಿನ ಟ್ಯಾಬನ್ನ ಮುಟ್ಟೋ ಹಾಗಿಲ್ಲ” ಎಂದರು ಟೀಚರ್.

“ನಾನು ಮುಟ್ಟಲ್ಲಮ್ಮಾ. ನೀನೇ ಹಚ್ಚು. ಮೇಜಿನ ಮೇಲಿಡು. ಎಲ್ರೂ ಬಾಯ್ಮುಚ್ಕೊಂಡಿರಿ.”

‘ಓದು’ ಗುಂಡಿ ಒತ್ತಿದರು. ಯಾರೂ ತುಟಿ ಬಿಚ್ಚಲಿಲ್ಲ. ತಲೆಯ ಮೇಲೆ ಹಳೆಯ ಫ್ಯಾನು ಕಟಕಟ ಕಟಕಟ ಎನ್ನುತ್ತ ತಿರುಗುತ್ತಿತ್ತು. ಅಳಿಲು ಮೀಸೆ ಕುಣಿಸಿತು. ಒಂದು ಕೊಂಬೆ ಹತ್ತಿತು. ಸ್ವಲ್ಪ ತಡೆದು ಇನ್ನೊಂದು ಹತ್ತಿತು. ‘ಭೇಷ್! ಚೆನ್ನಾಗಿ ಓದುತ್ತಿದ್ದೀಯ!’ ಎಂದಿತು.

ಮಾನ್ಯರೇ, ಇದನ್ನು ಇನ್ನೊಮ್ಮೆ ಓದಿಕೊಳ್ಳಿ. ಫ್ಯಾನಿಗೆ ಎರಡು ಕೊಂಬೆ, ನನ್ನ ಮೊಮ್ಮಗಳಿಗೆ ಒಂದು. ನಿಮ್ಮ ಇಲಾಖೆಯ ದಾಖಲೆಯ ಪ್ರಕಾರ ಆ ಕೋಣೆಯ ಫ್ಯಾನು ಅವಳಿಗಿಂತ ವಿದ್ಯಾವಂತ. ಮೂವತ್ತನೇ ತಾರೀಕು ಅವಳನ್ನು ಕೆಳಗಿನ ತರಗತಿಗೆ ಕಳಿಸುವಾಗ, ಫ್ಯಾನನ್ನು ನಾಲ್ಕನೇ ತರಗತಿಗೆ ಬಡ್ತಿ ಕೊಟ್ಟು ಕಳಿಸುತ್ತೀರಾ?

ಎರಡನೆಯದು ಸಾಚಾ ಕಲ್ಲು. ಹೆಡ್‍ಮಾಸ್ಟರಿಗಿಂತ ಸಾಚಾ ಓದುಗ ಆ ಕಟ್ಟಡದಲ್ಲಿ ಇನ್ನಾರು? ಮೂವತ್ತೊಂದು ವರ್ಷ ಪಾಠ ಹೇಳಿದವರು. ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಮಳೆಹನಿಯ ಕತೆಯನ್ನು ಗಂಭೀರವಾಗಿ ಓದಿದರು. ವಾಕ್ಯ ಮುಗಿದಾಗ ನಿಂತು ಮಕ್ಕಳ ಮುಖ ನೋಡುವುದು ಅವರ ಅಭ್ಯಾಸ. ಒಳ್ಳೆಯ ಮೇಷ್ಟರೆಲ್ಲರ ಅಭ್ಯಾಸ. ನಾಲ್ಕನೇ ಕೊಂಬೆಯ ಹತ್ತಿರ ಹಾಗೆ ನಿಂತು ನೋಡಿದರು ನೋಡಿ, ಫ್ಯಾನು ಕಟಕಟ ಎನ್ನುತ್ತಲೇ ಇದ್ದರೂ ಈ ಸಲ ಅಳಿಲು ಸರ್ರನೆ ಜಾರಿತು. ‘ಬೇಜಾರು ಬೇಡ ಪುಟ್ಟಾ, ನಾಳೆ ಮತ್ತೆ ಪ್ರಯತ್ನಿಸು!’

ಹೆಡ್‍ಮಾಸ್ಟರು ಕನ್ನಡಕ ತೆಗೆದರು. “ನನ್ನನ್ನೂ ಎರಡನೇ ಕ್ಲಾಸಿಗೆ ಹಾಕ್ತಾರೇನ್ರೀ?”

“ರಿಟೈರಾಗಕ್ಕೆ ಇನ್ನೂ ಎಂಟು ತಿಂಗಳಿದೆಯಲ್ಲ ಸಾರ್, ಅಷ್ಟ್ರಲ್ಲಿ ಕಲ್ತ್ಕೋಬಹುದು ಬಿಡಿ” ಎಂದರು ಟೀಚರ್. ಎಷ್ಟೋ ದಿನದ ಮೇಲೆ ನನ್ನ ಮೊಮ್ಮಗಳು ನಕ್ಕಳು.

ಮೂರನೆಯದಕ್ಕೆ ಬೆಂಚಿನ ಗೆಳತಿಯನ್ನು ಕರೆದೆವು. ಅವಳು ಹಸಿರು ಗುಂಪು, ತರಗತಿಗೇ ಮೊದಲು. ಟ್ಯಾಬನ್ನು ಸರಿಯಾಗಿ ನೋಡಲೂ ಇಲ್ಲ, ಕೈಕಟ್ಟಿ ನಿಂತು ಅದೇ ಮಳೆಹನಿಯ ಕತೆಯನ್ನು ಜಲಪಾತದಂತೆ ಸುರಿಸಿದಳು. ಹತ್ತು ಕೊಂಬೆ, ಹಣ್ಣು, ಡೋಲು. ಆಗ ನಾನು ಟೀಚರಿಗೆ ಹೇಳಿದೆ: “ಈಗ ತಟ್ಟೆ ಬದಲಾಯಿಸಮ್ಮಾ. ಅವೇ ವಾಕ್ಯಗಳನ್ನ ಬೋರ್ಡ್ ಮೇಲೆ ಕೊನೇದು ಮೊದಲು, ಮೊದಲಿಂದು ಕೊನೇಗೆ ಬರಿ.” ಅವರು ಬರೆದರು. ಬರೆದದ್ದನ್ನು ಓದು ಎಂದರೆ ಹುಡುಗಿ ಬೋರ್ಡನ್ನು ನೋಡಿದಳು, ನನ್ನನ್ನು ನೋಡಿದಳು, ತಲೆ ತಗ್ಗಿಸಿದಳು.

“ನಂಗೆ ಓದಕ್ಕೆ ಬರಲ್ಲ ತಾತ. ನಮ್ಮಕ್ಕ ಓದೋವಾಗ ಕೇಳಿ ಬಾಯಿಪಾಠ ಮಾಡ್ಕೊಂಡೆ. ಹದಿನಾಲ್ಕು ಕತೆನೂ ಬರುತ್ತೆ, ಬೇಕಾದ್ರೆ ಕೇಳಿ.”

ಅಷ್ಟರಲ್ಲಿ ಪಕ್ಕದಿಂದ ಒಂದು ದನಿ ಬಂತು. ನನ್ನ ಮೊಮ್ಮಗಳು ಗೆಳತಿಯ ಕೈ ಹಿಡಿದುಕೊಂಡು ಬೋರ್ಡಿನ ಮೊದಲ ಸಾಲನ್ನು ಅವಳಿಗೆ ಓದಿ ಹೇಳುತ್ತಿದ್ದಳು. “ಕ… ಕ… ಕಡಲು ಸೇರಿದ ಹನಿ…” ನಿಂತಳು. ಕಾಲಿನ ಹೆಬ್ಬೆರಳಿಂದ ನೆಲ ಒತ್ತಿದಳು. “ಮ… ಮತ್ತೆ ಮುಗಿಲನ್ನು ನೋಡಿತು.” ಹನ್ನೊಂದು ಸಾಲು ಓದಿದಳು, ಒಂದು ಅಕ್ಷರ ನುಂಗಲಿಲ್ಲ. ನಾವು ಮೂವರು ದೊಡ್ಡವರು ಕಲ್ಲಿನಂತೆ ನಿಂತು ಕೇಳಿದೆವು. ಟ್ಯಾಬು ‘ಓದು’ ಗುಂಡಿ ಒತ್ತುವವರಿಲ್ಲದೆ ಮೇಜಿನ ಮೇಲೆ ಹಾಗೇ ಹತ್ತಿಕೊಂಡಿತ್ತು. ಅವಳು ಐದನೇ ಸಾಲಿನಲ್ಲಿದ್ದಾಗ ಅಳಿಲು ಆಕಳಿಸಿ ಹೇಳಿತು: ‘ಯಾರೂ ಓದುತ್ತಿಲ್ಲ. ನಾನು ಮಲಗುತ್ತೇನೆ.’

ಟೀಚರ್ ಅದನ್ನು ಬೋರಲು ಹಾಕಿದರು.

ಈಗ ಹೇಳಿ. ನಿಮ್ಮ ತಕ್ಕಡಿ ಮೋಸ ಮಾಡಿದ್ದು ಒಬ್ಬಳಿಗೋ ಇಬ್ಬರಿಗೋ? ಕೆಟ್ಟ ತಕ್ಕಡಿಯಿಂದ ಕಡಿಮೆ ತೂಗಿಸಿಕೊಂಡವನಿಗೆ ಮಾತ್ರ ನಷ್ಟ ಎಂದು ಜನ ತಿಳಿಯುತ್ತಾರೆ. ಓದು ಬರುವವಳನ್ನು ಕೆಳಗಿಳಿಸಿದ್ದು ಒಂದು ಅನ್ಯಾಯ. ಓದು ಬಾರದವಳಿಗೆ ಹಣ್ಣು, ಡೋಲು ಕೊಟ್ಟು ‘ನಿನಗೆಲ್ಲ ಬರುತ್ತದೆ ಹೋಗು’ ಎಂದು ಕಳಿಸಿದ್ದು ಅದಕ್ಕಿಂತ ದೊಡ್ಡದು. ಹಸಿರು ಗುಂಪಿನವಳಿಗೆ ಯಾರು ಕೂತು ಅಕ್ಷರ ಹೇಳಿಕೊಡುತ್ತಾರೆ? ಹದಿನಾಲ್ಕು ಕತೆ ಕಿವಿಯಲ್ಲೇ ಹಿಡಿದಿಟ್ಟ ತಲೆ ಅದು. ಹೇಳಿಕೊಟ್ಟರೆ ಮೂರು ತಿಂಗಳಲ್ಲಿ ನಿಮ್ಮ ಸುತ್ತೋಲೆಗಳನ್ನೇ ಓದಿ ತಪ್ಪು ತೆಗೆದಾಳು. ಅವಳ ತಾಯಿಯನ್ನು ಕೇಳಿಯೇ ಇದನ್ನು ಬರೆದಿದ್ದೇನೆ. “ಬರೀರಿ ಮಾವ, ನಾನೂ ನನ್ನ ಫೋನಿಗೆ ಬಂದ ಆ ಹೂವು ನೋಡಿ ಖುಷಿಪಟ್ಟಿದ್ದೆ” ಎಂದಳು ಆಕೆ.

ಅಷ್ಟಕ್ಕೂ ಆ ತರಗತಿಗೆ ಯಂತ್ರ ಹೊಸದಲ್ಲ. ನಿಮ್ಮ ಅಳಿಲು ಬರುವ ಮುಂಚೆ ಆ ಟೀಚರ್ ತಮ್ಮ ಸ್ವಂತ ಫೋನಿನಲ್ಲೇ ಎಷ್ಟೋ ಮಾಡುತ್ತಿದ್ದರು. ಇರುವೆಯ ಕಾಲನ್ನು ಫೋಟೊ ತೆಗೆದು ಅಂಗೈಯಗಲ ಹಿಗ್ಗಿಸಿ ತೋರಿಸುತ್ತಿದ್ದರು. ಮೊಮ್ಮಗಳು ಮನೆಗೆ ಬಂದು ಒಂದು ವಾರ ಇರುವೆ ತುಳಿಯಲು ಬಿಡಲಿಲ್ಲ. ಮಕ್ಕಳು ಓದಿದ್ದನ್ನು ರೆಕಾರ್ಡ್ ಮಾಡಿ ಅವರಿಗೇ ಕೇಳಿಸುತ್ತಿದ್ದರು. “ಅಯ್ಯೋ ಟೀಚರ್, ಒಂದ್ ಸಾಲು ಹಾರಿಸ್ಬಿಟ್ಟಿದೀನಿ!” ಎಂದು ಮಕ್ಕಳೇ ತಮ್ಮ ತಪ್ಪು ಹಿಡಿದು ನಗುತ್ತಿದ್ದರು. ಅಲ್ಲಿ ಫೋನು ಕನ್ನಡಿಯ ಕೆಲಸ ಮಾಡುತ್ತಿತ್ತು, ಟೀಚರ ಕಿವಿ ತಕ್ಕಡಿಯ ಕೆಲಸ ಮಾಡುತ್ತಿತ್ತು. ನೀವು ಬಂದು ಕಿವಿಗೆ ಹತ್ತಿ ತುರುಕಿದಿರಿ. ಮೂವತ್ತೆಂಟು ಮಕ್ಕಳಿಗೆ ನಾಲ್ಕು ಟ್ಯಾಬು. ಸರದಿ ಹಚ್ಚಿ, ಚಾರ್ಜು ಮಾಡಿ, ಕೊಂಬೆ ಎಣಿಸಿ ಮೇಲಕ್ಕೆ ಕಳಿಸುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಪಟ್ಟಿ ತಪ್ಪು ಎಂದು ಆಕೆ ಎರಡು ಸಲ ಬರೆದಿದ್ದಾರೆ. ‘ಶಿಕ್ಷಕರ ಅಭಿಪ್ರಾಯಕ್ಕೆ ಇಲ್ಲಿ ಅವಕಾಶವಿಲ್ಲ’ ಎಂದು ಉತ್ತರ ಬಂದಿದೆ. ಫ್ಯಾನಿನ ಅಭಿಪ್ರಾಯಕ್ಕೆ ಅವಕಾಶವಿದೆ.

ಮಾರುಕಟ್ಟೆಯಲ್ಲಿ ಮುದ್ರೆಯಿಲ್ಲದ ತಕ್ಕಡಿ ಇಟ್ಟುಕೊಂಡು ಬದನೆಕಾಯಿ ತೂಗಿದರೆ ದಂಡ ಹಾಕಿ ತಕ್ಕಡಿ ಎತ್ತಿಕೊಂಡು ಹೋಗುತ್ತಾರೆ. ನೀವು ಊರಿನ ಮಕ್ಕಳನ್ನೆಲ್ಲ ತೂಗುತ್ತಿದ್ದೀರಿ. ನಿಮ್ಮದಕ್ಕೆ ಮುದ್ರೆ ಒತ್ತಿದವರು ಯಾರು? ಯಾವ ಸಾಚಾ ಕಲ್ಲು ಇಟ್ಟು ನೋಡಿದರು? ಉಗ್ಗುವ ಒಂದೇ ಒಂದು ಮಗುವನ್ನು ಮುಂದೆ ಕೂರಿಸಿ ನೋಡಿದ್ದಾರೆಯೇ? ನೀವೇ ಒಮ್ಮೆ ಆ ಮಳೆಹನಿಯ ಕತೆಯನ್ನು ಗಟ್ಟಿಯಾಗಿ ಓದಿದ್ದೀರಾ? ಎಷ್ಟನೇ ಕೊಂಬೆಗೆ ಜಾರಿದಿರಿ?

ಈ ಪತ್ರದ ಕರಡನ್ನು ನಿನ್ನೆ ಮಧ್ಯಾಹ್ನ ಮೊಮ್ಮಗಳ ಮುಂದಿಟ್ಟೆ. ಗಡಿಯಾರವನ್ನು ಅದಾಗಲೇ ಗೋಡೆಗೆ ಹಾಕಿಯಾಗಿತ್ತು. “ಓದ್ತೀಯೇನೇ? ನಿಂಗೆ ಮನಸ್ಸಿದ್ರೆ ಮಾತ್ರ” ಎಂದೆ. ಹಾಳೆ ಎತ್ತಿಕೊಂಡು ಶುರು ಮಾಡಿದಳು. ಎಷ್ಟು ಹೊತ್ತು ಹಿಡಿಯಿತೋ ನಾನು ನೋಡಲಿಲ್ಲ. ಗದರಿಸಿದ್ದನ್ನು ಬರೆದ ಜಾಗಕ್ಕೆ ಬಂದಾಗ ನಿಂತಳು. ಅಕ್ಷರ ಗಂಟಲಲ್ಲಿ ಕೂತದ್ದಕ್ಕೆ ನಿಂತದ್ದಲ್ಲ ಅದು. ನನ್ನ ಮುಖ ನೋಡಿ, ಮುಂದಕ್ಕೆ ಓದಿದಳು. ಕೊನೆಗೆ, “ಅವ… ಅವಳ ಹೆಸರು ಬರೀಬೇಡ ತಾತ, ನಂದೂ ಬೇಡ” ಎಂದಳು. ಬರೆದಿದ್ದ ಎರಡು ಹೆಸರನ್ನೂ ಹೊಡೆದುಹಾಕಿದೆ. ಕಾಗುಣಿತದ ಏಳು ತಪ್ಪು ತೋರಿಸಿದಳು, ತಿದ್ದಿದೆ. ನಿಮ್ಮ ಕೆಂಪು ಗುಂಪಿನ ಹುಡುಗಿ ತಿದ್ದಿದ ಕನ್ನಡವನ್ನು ನೀವು ಈಗ ಓದುತ್ತಿದ್ದೀರಿ.

“ಅವ್ರು ಉತ್ತರ ಬರೀತಾರಾ?” ಎಂದು ಕೇಳಿದಳು. “ಬರೀಲೇಬೇಕು” ಎಂದೆ. ಹಾಗಾಗಿ ಇದು ನನ್ನ ಮಾನದ ಪ್ರಶ್ನೆ.

ಪಟ್ಟಿಯನ್ನು ತಡೆಯಿರಿ. ಮೂವತ್ತೆಂಟು ಮಕ್ಕಳ ಓದನ್ನೂ ಆ ಟೀಚರ್ ತಮ್ಮ ಕಿವಿಯಿಂದ ಕೇಳಿ ಬರೆಯಲಿ, ಅದೇ ಕೊನೆಯ ಮಾತಾಗಲಿ. ಆ ಗೆಳತಿಗೆ ಅಕ್ಷರ ಕಲಿಸಲು ದಿನಕ್ಕೆ ಅರ್ಧ ಗಂಟೆ ಬಿಟ್ಟುಕೊಡಿ. ನಿಮ್ಮ ಆ್ಯಪನ್ನು ಯಾರು, ಯಾವಾಗ, ಯಾರ ದನಿಯಿಂದ ಪರೀಕ್ಷೆ ಮಾಡಿದರು ಎಂದು ಕಾಗದದ ಮೇಲೆ, ಕೈಯಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಕಳಿಸಿ. ಓದುವವಳು ಅವಳೇ. ಎಷ್ಟು ಹೊತ್ತಾದರೂ ಕೇಳಲು ನಾನಿದ್ದೇನೆ.

ಇದೇ ತಿಂಗಳ ಇಪ್ಪತ್ತೈದರೊಳಗೆ ಉತ್ತರ ಬರಬೇಕು.

ಇಂತಿ,
ಮುಳ್ಳನ್ನು ನಂಬಿ ಮೊಮ್ಮಗಳನ್ನು ಗದರಿಸಿದ,
ನಿಮ್ಮ ದಾಖಲೆಯ ಪ್ರಕಾರ ಐದು ನಕ್ಷತ್ರದಷ್ಟು ಸಂತೃಪ್ತನಾಗಿರುವ,
ಮಾರುಕಟ್ಟೆ ಹಿಂದಿನ ಗಲ್ಲಿಯ ತಕ್ಕಡಿ ರಿಪೇರಿ ಮುದುಕ